ಒರೆಸಿದ ಬೋರ್ಡು

ನಿವೃತ್ತನಾದರೂ ಪಾಠದ ಚಟ ಬಿಟ್ಟಿಲ್ಲ. ಲಕ್ಕುಂಡಿಯ ಬಾವಿಗಳ ಕುರಿತು ಪಾಠವೊಂದನ್ನು ಮುಂಡರಗಿ, ಶಿರಹಟ್ಟಿಯ ಶಿಕ್ಷಕರು ಆನ್‌ಲೈನ್ ಬೋರ್ಡಿನ ಮೇಲೆ ಕೂಡಿ ಬರೆಯುತ್ತಿದ್ದರು. ಗದುಗಿನ ನನ್ನನ್ನೂ ಸೇರಿಸಿಕೊಂಡರು. ಮರುದಿನವೇ ಅದು ಮಕ್ಕಳ ಮುಂದೆ ಹೋಗಬೇಕಿತ್ತು. ನನ್ನ ಭಾಗ ಬರೆದು ಮುಗಿಸಿದೆ. ಮುಂದಿನವರಿಗೆ ಬೋರ್ಡು ಸ್ವಚ್ಛ ಬಿಟ್ಟುಕೊಡುವುದು ಮಾಸ್ತರರ ಮರ್ಯಾದೆ ನೋಡ್ರಿ, ಪೂರಾ ಒರೆಸಿಬಿಟ್ಟೆ!

ತಕ್ಷಣ ಮುಂಡರಗಿಯ ಟೀಚರ್ ಫೋನು: "ಸರ, ನಮ್ಮ ವಾರದ ದುಡಿಮಿ ಎಲ್ಲಿ ಹೋತ್ರಿ?"

"ಒರಿಸೇನ್ರೀ. ಮುಂದಿನ ತಾಸು ನಿಮ್ದಲ್ಲೇನ್ರಿ?"

"ಅಯ್ಯ ಸರ! ಕೈ ತಗೀರಿ, ಇನ್ನೇನೂ ಮುಟ್ಟಬ್ಯಾಡ್ರಿ" ಎಂದು ನಗುತ್ತಲೇ ಅವರು ಒಂದು ಗುಂಡಿ ಒತ್ತಿ ಎಲ್ಲವನ್ನೂ ವಾಪಸ್ ತಂದರು.

ಈಗ ನನಗೆ ನೋಡಲಷ್ಟೇ ಅಪ್ಪಣೆ. ಜೀವಮಾನವಿಡೀ ಹಿಂದಿನ ಬೆಂಚಿನವರನ್ನು ಬೈದೆ. ಅಲ್ಲಿ ಇಷ್ಟು ಆರಾಮ ಐತಿ ಅಂತ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ.