ಯಾರಾದರೂ ಮುಟ್ಟಿದಿರಾ?

ಬೀದಿಯವರೆಲ್ಲ ಅವನನ್ನು ತಂತಿಯಣ್ಣ ಎಂದು ಕರೆಯುತ್ತಿದ್ದರು. ಕೇಬಲ್ ಟಿ.ವಿ.ಯ ಕಾಲದಲ್ಲಿ ಕಪ್ಪು ತಂತಿಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಮಹಡಿಯಿಂದ ಮಹಡಿಗೆ ದಾಟುತ್ತಿದ್ದವನು. ಕಾಲ ಬದಲಾಯಿತು, ಜನ ತಂತಿಯ ಸಹವಾಸವೇ ಬೇಡವೆಂದರು. ಇವನು ತಂತಿ ಇಲ್ಲದ ಕೆಲಸ ಕಲಿತ, ಹೆಸರು ಮಾತ್ರ ಹಾಗೇ ಅಂಟಿಕೊಂಡಿತು. ಈಗ ಮನೆಗಳಿಗೆ, ಅಂಗಡಿಗಳಿಗೆ, ಸಣ್ಣಪುಟ್ಟ ಆಫೀಸುಗಳಿಗೆ ವೈ-ಫೈ ಹಾಕಿಕೊಡುವುದು ಅವನ ಹೊಟ್ಟೆಪಾಡು. ಬರುತ್ತೇನೆಂದ ದಿನ ಬರುತ್ತಿದ್ದ, ಗೋಡೆಗೆ ತೂತು ಕೊರೆದರೆ ಪುಡಿಯನ್ನು ತಾನೇ ಗುಡಿಸುತ್ತಿದ್ದ. ಈ ಕಸುಬಿನಲ್ಲಿ ಇಷ್ಟಿದ್ದರೆ ಅವನನ್ನು ಕೈಮುಗಿದು ಒಳಗೆ ಕರೆಯಬೇಕು.

ಆದರೆ ಅವನಿಗೊಂದು ಚಾಳಿಯಿತ್ತು. ಅವನಿಗೊಬ್ಬನಿಗೇ ಅಲ್ಲ, ಆ ಕಸುಬಿನವರೆಲ್ಲರಿಗೂ ಇರುವಂಥದ್ದೇ. ಗಿರಾಕಿ ಫೋನ್ ಮಾಡಿ "ನೆಟ್ ಬರ್ತಿಲ್ಲ" ಎಂದರೆ ಸಾಕು, ಇವನ ಬಾಯಿಂದ ತಟ್ಟನೆ ಬೀಳುವ ಮಾತು "ಯಾರಾದ್ರೂ ಮುಟ್ಟಿದ್ರಾ?" ಎಂಬುದು. ಆ ಪ್ರಶ್ನೆಯ ಚಂದ ನೋಡಿ! ಯಾವ ಮನೆಯಲ್ಲಾದರೂ ಯಾರೋ ಒಬ್ಬರು ಏನನ್ನೋ ಮುಟ್ಟಿಯೇ ಇರುತ್ತಾರೆ. ಹೆಂಡತಿ ಧೂಳು ಒರೆಸಿರುತ್ತಾಳೆ, ಅಜ್ಜ ಫೋನ್ ಚಾರ್ಜಿಗೆ ಹಾಕಲು ಒಂದು ಪ್ಲಗ್ ಕಿತ್ತಿರುತ್ತಾರೆ. ಅಲ್ಲಿಗೆ ತಪ್ಪು ಗಿರಾಕಿಯ ಮನೆಯೊಳಗೇ ಉಳಿಯಿತು. ಅವರವರೇ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡುತ್ತ ಕೂತಿರುತ್ತಾರೆ, ತಂತಿಯಣ್ಣ ನಿಧಾನವಾಗಿ ಊಟ ಮುಗಿಸಿಕೊಂಡು ಹೋಗಬಹುದು. ಆ ಮಾತಿನಿಂದ ಯಾರ ತಲೆ ಹೋದೀತು ಎಂದು ಅವನು ಎಂದೂ ಯೋಚಿಸಿದವನಲ್ಲ.

ಅವನಿಗೊಬ್ಬ ಅಕ್ಕ ಇದ್ದಳು. ತಾಯಿ ಇಲ್ಲದ ಮನೆಯಲ್ಲಿ ಇವನನ್ನು ಎತ್ತಿ ಆಡಿಸಿದವಳು, ಕಿವಿ ಹಿಂಡಿ ಶಾಲೆಗೆ ಅಟ್ಟಿದವಳು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದು ಕೇಳಿದರೆ "ಪುರುಸೊತ್ತು ಸಿಗಲಿಲ್ಲ" ಎಂದು ನಗುತ್ತಿದ್ದಳು. ಅಂಗಡಿಗಳಿಗೆ ಕನ್ನಡಕದ ಗಾಜು ಒದಗಿಸುವ ಒಂದು ಸಣ್ಣ ಆಫೀಸಿನಲ್ಲಿ ಆಕೆಯ ಕೆಲಸ. ಅಂಗಡಿಯವರು ಫೋನ್‌ನಲ್ಲಿ ಗಾಜಿನ ನಂಬರು ಹೇಳಬೇಕು, ಇವಳು ಕಂಪ್ಯೂಟರಿಗೆ ಹಾಕಬೇಕು, ಅದು ಗಾಜು ಉಜ್ಜುವವರಿಗೆ ಹೋಗಬೇಕು. ವರ್ಷಗಟ್ಟಲೆ ಆ ಕುರ್ಚಿಯಲ್ಲಿ ಕೂತಿದ್ದಾಳೆ, ಎಡಗಣ್ಣಿನ ಗಾಜು ಬಲಗಣ್ಣಿಗೆ ಹೋದದ್ದಿಲ್ಲ. ಮುಖ ನೋಡದ ಅಂಗಡಿಯವರೂ ಆಕೆಯ ದನಿ ಕೇಳಿದರೆ "ಏನಕ್ಕಾ, ಆರಾಮಾ?" ಎನ್ನುತ್ತಿದ್ದರು. ಆ ಫೋನು, ಆ ಮೇಜು, ಆ ಮಾತುಕತೆಯೇ ಅವಳ ಬದುಕು ಎಂದರೂ ನಡೆದೀತು.

ಯಜಮಾನರಿಗೆ ಒಂದು ದಿನ ಆಫೀಸಿಗೆ ವೈ-ಫೈ ಹಾಕಿಸಬೇಕೆನಿಸಿತು. ಹಿಂದಿನ ಉಗ್ರಾಣದಲ್ಲಿ ಗಾಜಿನ ಪೊಟ್ಟಣಗಳನ್ನು ಹುಡುಕುವವರು ಕೈಯಲ್ಲಿ ಟ್ಯಾಬ್ ಹಿಡಿದುಕೊಂಡೇ ಓಡಾಡಲಿ ಎಂಬ ಯೋಚನೆ. ಅಕ್ಕ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. "ಬೇರೆಯವರು ಯಾಕೆ ಸಾರ್? ನನ್ನ ತಮ್ಮ ಇದಾನಲ್ಲ. ಅವನು ಮಾಡಿದ್ರೆ ನೀವು ತಿರುಗಿ ನೋಡೋ ಹಾಗೇ ಇಲ್ಲ."

ತಂತಿಯಣ್ಣ ಬಂದ. ಮುಂದಿನ ಕೋಣೆಗೂ ಉಗ್ರಾಣಕ್ಕೂ ನಡುವಿನ ಬಾಗಿಲ ಮೇಲೆ ವೈ-ಫೈಯ ಬಿಳಿ ಪೆಟ್ಟಿಗೆ ಕೂರಿಸಿದ, ಯಜಮಾನರ ಕೋಣೆಯಲ್ಲಿದ್ದ ಹಳೆಯ ರೂಟರಿನಿಂದ ಅದಕ್ಕೆ ತಂತಿ ಎಳೆದ. ಇಲ್ಲಿ ಒಂದು ಸೂಕ್ಷ್ಮವಿದೆ. ನೆಟ್ ಸಿಗಬೇಕಾದರೆ ಆಫೀಸಿನ ಪ್ರತಿ ಕಂಪ್ಯೂಟರಿಗೂ ಟ್ಯಾಬಿಗೂ ವಿಳಾಸದಂತೆ ಒಂದೊಂದು ನಂಬರು ಬೇಕು. ಅದನ್ನು ಹಂಚುವುದು ಹಳೆಯ ರೂಟರಿನ ಕೆಲಸ. ಹೊಸ ಪೆಟ್ಟಿಗೆಗೂ ಹಂಚುವ ಚಪಲ ಇರುತ್ತದೆ, ಅದನ್ನು ಮೊದಲು ತಡೆಯಬೇಕು. ತಡೆಯದಿದ್ದರೆ ಒಂದೇ ಮನೆಗೆ ಇಬ್ಬರು ಹಿರಿಯರಾದ ಹಾಗೆ. ಹಳೆಯದರ ಕೈಯಿಂದ ನಂಬರು ಪಡೆದವರಿಗೆ ನೆಟ್ ಸಿಗುತ್ತದೆ, ಹೊಸದರ ಕೈಯಿಂದ ಪಡೆದವರು ದಾರಿ ಕಾಣದೆ ನಿಲ್ಲುತ್ತಾರೆ. ಯಾರಿಗೆ ಯಾವುದು ಸಿಗುತ್ತದೋ ಆ ಗಳಿಗೆಯ ಅದೃಷ್ಟ.

ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಪುಟ ತೆರೆದ, ನಂಬರು ಹಂಚುವ ಸಾಲಿನ ಮುಂದಿದ್ದ ಟಿಕ್ ಗುರುತನ್ನು ತೆಗೆದ. ಪುಟದ ಕೆಳಗೆ ಹೋಗಿ ಸೇವ್ ಒತ್ತಬೇಕು, ಅಷ್ಟರಲ್ಲಿ ಫೋನ್ ಬಂತು. ಬೇರೆ ಯಾರೋ ಗಿರಾಕಿ, ನೆಟ್ ಇಲ್ಲವಂತೆ. "ಯಾರಾದ್ರೂ ಮುಟ್ಟಿದ್ರಾ?" ಎನ್ನುತ್ತಲೇ ಇವನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದ. ಹೊರಡುವ ಮುನ್ನ ತನ್ನ ಫೋನಿನಲ್ಲಿ ನೋಡಿದ, ನೆಟ್ ಬಂತು. ಅದೃಷ್ಟ ಆ ಕ್ಷಣಕ್ಕೆ ಇವನ ಕಡೆಗಿತ್ತು. ಅಕ್ಕ ಒಬ್ಬೊಬ್ಬರನ್ನೇ ಕರೆದು "ಇವನೇ ನಮ್ಮ ತಮ್ಮ" ಎಂದು ತೋರಿಸಿದಳು, ಹಿಗ್ಗಿನಿಂದ ಅವಳ ಮುಖ ಊರಗಲವಾಗಿತ್ತು.

ಮರುದಿನ ಬೆಳಿಗ್ಗೆಯೇ ರಗಳೆ ಶುರುವಾಯಿತು. ಒಬ್ಬರಿಗೆ ನೆಟ್ ಬಂದರೆ ಇನ್ನೊಬ್ಬರಿಗಿಲ್ಲ, ಈಗ ಬಂದದ್ದು ಆಮೇಲಿಲ್ಲ. ಯಜಮಾನರು ಫೋನ್ ಮಾಡಿದಾಗ ತಂತಿಯಣ್ಣ ಯಾರದೋ ಮನೆಯ ಏಣಿಯ ಮೇಲಿದ್ದ.

"ಯಾರಾದ್ರೂ ಮುಟ್ಟಿದ್ರಾ ಸಾರ್?"

"ಮುಟ್ಟೋದು ಅಂದ್ರೆ... ಸಂಜೆ ಹೋಗೋವಾಗ ಅಕ್ಕ ಎಲ್ಲಾ ಸ್ವಿಚ್ಚೂ ಆರಿಸಿ ಹೋಗ್ತಾರಲ್ಲ. ಆ ಪೆಟ್ಟಿಗೇದೂ ಆರಿಸಿರ್ತಾರೆ."

"ಅಯ್ಯೋ, ಹಾಗೆಲ್ಲ ಆರಿಸಬಾರದು ಸಾರ್. ಸೆಟ್ಟಿಂಗ್ ಹೋಗ್ಬಿಡುತ್ತೆ."

ಫೋನ್ ಇಟ್ಟು ಒಂದು ಮೆಟ್ಟಿಲು ಇಳಿದ ಮೇಲೆ ಹೊಳೆಯಿತು, ಅಕ್ಕ ಎಂದರೆ ತನ್ನಕ್ಕ! ಬಾಯಿಗೆ ಬಂದದ್ದನ್ನು ಆಡಿಬಿಟ್ಟಿದ್ದ. ಸ್ವಿಚ್ ಆರಿಸಿದರೆ ಯಾವ ಸೆಟ್ಟಿಂಗೂ ಹೋಗುವುದಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ಏನು ಮಹಾ, ಒಂದು ಮಾತು ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕೆಲಸಕ್ಕೆ ಕೈಹಾಕಿದ.

ಆಡಿದ ಮಾತು ಮಾತ್ರ ಆ ಆಫೀಸಿನಲ್ಲಿ ಬೇರು ಬಿಟ್ಟಿತು. ಅದುವರೆಗೆ ಎಲ್ಲರೂ ಹೊಗಳುತ್ತಿದ್ದ ಅಭ್ಯಾಸವದು, ಕರೆಂಟು ಪೋಲಾಗಬಾರದೆಂದು ಅಕ್ಕ ಕೋಣೆ ಕೋಣೆ ಸುತ್ತಿ ದೀಪ, ಫ್ಯಾನು ಆರಿಸಿ ಹೋಗುತ್ತಿದ್ದುದು. ಈಗ ಅದೇ ಅಪರಾಧವಾಯಿತು. ಆಕೆ ಸ್ವಿಚ್ ಮುಟ್ಟುವುದನ್ನೇ ಬಿಟ್ಟಳು. ಆದರೂ ನೆಟ್ ಕೈಕೊಡುತ್ತಲೇ ಇತ್ತು. ಕೈಕೊಟ್ಟಾಗಲೆಲ್ಲ ಎಲ್ಲರ ಕಣ್ಣೂ ಒಂದೇ ಮೇಜಿನ ಕಡೆ. "ಅಕ್ಕ, ಏನಾದ್ರೂ ಒತ್ತಿದ್ರಾ?" ಎಂದು ಲೆಕ್ಕ ನೋಡಿಕೊಳ್ಳುವವನು ಕೇಳುವುದು, ಹೊಸದಾಗಿ ಸೇರಿದ್ದವಳೊಬ್ಬಳು ತುಟಿ ಬಿಗಿಹಿಡಿದು ನಗುವುದು. ಕೇಳಿಕೇಳಿ ಅಕ್ಕನಿಗೂ ಅನುಮಾನ ಬಂತು. ಏನೋ ಒತ್ತಿರಬೇಕು ನಾನು. ತಮ್ಮನ ಕೆಲಸವಂತೂ ತಪ್ಪಾಗುವುದಿಲ್ಲ, ಅಂದ ಮೇಲೆ ತಪ್ಪು ನನ್ನದೇ.

ಕೊನೆಗೊಂದು ದಿನ ದೊಡ್ಡ ಅಂಗಡಿಯೊಂದರ ಆರ್ಡರು ಹೋಗಬೇಕಾದಲ್ಲಿಗೆ ಹೋಗದೆ ನಿಂತಿತು. ಅಂಗಡಿಯವರು ಫೋನ್‌ನಲ್ಲಿ ಯಜಮಾನರ ಮುಖದ ನೀರಿಳಿಸಿದರು. ಯಜಮಾನರು ಕೆಟ್ಟವರಲ್ಲ, ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ನಿಮಗೂ ವಯಸ್ಸಾಯ್ತು ಅಕ್ಕ, ಈ ಹೊಸ ಮಿಷನ್ನುಗಳು ಒಗ್ಗಲ್ಲ. ಫೋನು ಆ ಹೊಸ ಹುಡುಗಿ ನೋಡ್ಕೊಳ್ಳಲಿ. ಸದ್ಯಕ್ಕೆ ಉಗ್ರಾಣದಲ್ಲಿ ಪೊಟ್ಟಣ ಜೋಡಿಸ್ತಿರಿ, ಆಮೇಲೆ ನೋಡೋಣ" ಎಂದರು. ಆ 'ಆಮೇಲೆ ನೋಡೋಣ' ಏನೆಂದು ಸಂಬಳಕ್ಕೆ ದುಡಿಯುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕ ತನ್ನ ನೀರಿನ ಬಾಟಲಿ ಎತ್ತಿಕೊಂಡು ಉಗ್ರಾಣಕ್ಕೆ ಹೋದಳು.

ಪೆಟ್ಟಿಗೆ ನೋಡಲು ತಂತಿಯಣ್ಣನಿಗೆ ಕರೆ ಬಂದದ್ದು ಅದಾದ ಮೇಲೆ. ಮೇಜಿನ ಮುಂದೆ ಕೂತು ಪುಟ ತೆರೆದ. ಟಿಕ್ ಗುರುತು ಇದ್ದಲ್ಲೇ ಇತ್ತು. ಆ ದಿನದ ಫೋನು, ಮುಚ್ಚಿದ ಲ್ಯಾಪ್‌ಟಾಪು, ಎಲ್ಲ ಕಣ್ಣಿಗೆ ಕಟ್ಟಿತು. ಗುರುತು ತೆಗೆದ, ಸೇವ್ ಒತ್ತಿದ, ನಂಬಿಕೆ ಬಾರದೆ ಮತ್ತೆ ಒತ್ತಿದ. ಎಲ್ಲರ ಮಿಷನ್ನೂ ಆಫ್ ಮಾಡಿ ಆನ್ ಮಾಡಿಸಿದ. ನೆಟ್ ನೀರಿನಂತೆ ಹರಿಯಿತು.

"ಏನಾಗಿತ್ತಪ್ಪ?" ಎಂದರು ಯಜಮಾನರು.

ಹೇಳುವುದಕ್ಕೆ ಅದೇ ಸಮಯ. ಬಾಯಿಯೂ ತೆರೆಯಿತು. ಆದರೆ ಹೊರಬಂದದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. "ಆಫ್ ಆನ್ ಆಗಿ ಆಗಿ ಸ್ವಲ್ಪ ಗೊಂದಲ ಆಗಿತ್ತು ಸಾರ್. ಸರಿ ಮಾಡಿದೀನಿ."

ಉಗ್ರಾಣದ ಬಾಗಿಲಲ್ಲಿ ಅಕ್ಕ ಪೊಟ್ಟಣಗಳನ್ನು ಎದೆಗವಚಿಕೊಂಡು ನಿಂತಿದ್ದಳು. "ಪಾಪ, ನನ್ನಿಂದ ನಿನಗೆ ಎಷ್ಟು ಓಡಾಟ ನೋಡು" ಎಂದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತಂತೆ ಅವನಿಗೆ. ಎನಿಸಿ ಏನು ಬಂತು? ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ, ಹೇಡಿ.

ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ಹೇಳಿದರೆ ಹೆಸರು ಹೋಗುತ್ತದೆ, ಆಫೀಸಿನಿಂದ ಆಫೀಸಿಗೆ ಬಾಯಿಮಾತಿನಲ್ಲೇ ಸಿಗುವ ಕೆಲಸವಿದು. ಹೇಳದಿದ್ದರೆ ಅಕ್ಕನ ಕುರ್ಚಿ ಹೋಗುತ್ತದೆ. ನಾಳೆ ಹೇಳೋಣ, ಯಜಮಾನರು ಒಬ್ಬರೇ ಇದ್ದಾಗ ಹೇಳೋಣ ಎಂದು ದಿನ ದೂಡಿದ. ಗಿರಾಕಿಗಳು ಫೋನ್ ಮಾಡಿದರೆ ಅವನು ಆ ಹಳೆಯ ಪ್ರಶ್ನೆ ಕೇಳುತ್ತಿರಲಿಲ್ಲ. "ಬರ್ತೀನಿ" ಎಂದಷ್ಟೇ ಹೇಳಿ ಇಡುತ್ತಿದ್ದ.

ಭಾನುವಾರ ಅಕ್ಕ ಮನೆಗೆ ಬಂದಳು. ಊಟ ಮುಗಿಸಿ ಎಲ್ಲರೂ ನಡುಮನೆಯಿಂದ ಏಳುವಾಗ, ಮೇಲೆ ಫ್ಯಾನು ಸುಮ್ಮನೆ ತಿರುಗುತ್ತಿತ್ತು. ಅಕ್ಕನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು, ನಡುವೆಯೇ ನಿಂತಿತು. ತಿರುಗಿ ತಮ್ಮನನ್ನು ಕೇಳಿದಳು, "ಲೋ, ಇದನ್ನ ಆರಿಸಲೇನೋ? ಏನೂ ಆಗಲ್ಲ ತಾನೇ?"

ಅವನ ಹೆಂಡತಿ ಪಕಪಕನೆ ನಕ್ಕಳು. "ಏನತ್ತಿಗೆ, ಫ್ಯಾನ್ ಆರಿಸೋಕೂ ಇವರ ಅಪ್ಪಣೆ ಬೇಕಾ?" ಅಕ್ಕನೂ ನಗಲು ನೋಡಿದಳು. "ಇಲ್ಲಮ್ಮ, ಈಗೀಗ ನಂಗೇನೂ ತಿಳಿಯಲ್ಲ. ಮುಟ್ಟಿದ್ದೆಲ್ಲ ಕೆಡುತ್ತೆ." ತಂತಿಯಣ್ಣ ಎದ್ದು ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡ.

ಮರುದಿನ ಯಾರೂ ಕರೆಯದೆ ಆಫೀಸಿಗೆ ಹೋದ. ಎಲ್ಲರನ್ನೂ ಮುಂದಿನ ಕೋಣೆಗೆ ಕರೆಸಿ ನಿಂತೇ ಹೇಳಿದ, "ಸಾರ್, ನೆಟ್ ಹೋಗ್ತಿದ್ದದ್ದು ಅಕ್ಕನಿಂದ ಅಲ್ಲ. ನನ್ನಿಂದ. ಮೊದಲನೇ ದಿನ ಒಂದು ಸೆಟ್ಟಿಂಗ್ ಸೇವ್ ಮಾಡೋದು ಮರೆತಿದ್ದೆ."

ಇಂಥದ್ದನ್ನು ಹೇಳಿದರೆ ಬೈಗುಳ ಬೀಳುತ್ತದೆ ಎಂದು ಅವನು ಸಿದ್ಧನಾಗಿದ್ದ. ಬಿದ್ದದ್ದು ಹೊಗಳಿಕೆ. ಯಜಮಾನರು ಅವನ ಬೆನ್ನು ತಟ್ಟಿದರು. "ತಮ್ಮ ಅಂದ್ರೆ ಹೀಗಿರ್ಬೇಕು ನೋಡಿ! ಅಕ್ಕನಿಗೋಸ್ಕರ ತಪ್ಪು ತನ್ನ ಮೇಲೆ ಎಳ್ಕೋತಿದಾನೆ." ಲೆಕ್ಕದವನು ತಲೆದೂಗಿದ. ಅಕ್ಕನ ಕಣ್ಣಲ್ಲಿ ನೀರೇ ಬಂತು. "ಸುಮ್ನಿರೋ. ನನ್ನಿಂದ ನಿನ್ನ ಹೆಸರು ಯಾಕೆ ಕೆಡಿಸ್ಕೋತೀಯ?" ಎಂದು ಗದರಿದಳು.

ಅವನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಸುಳ್ಳು ಹೇಳಿದಾಗ ಒಪ್ಪಿಕೊಂಡ ಜನ ನಿಜ ಹೇಳಿದರೆ ನಂಬುತ್ತಿಲ್ಲವಲ್ಲ! ಕಡೆಗೆ ಲ್ಯಾಪ್‌ಟಾಪ್ ತೆಗೆದ. ಆ ಪುಟ ತೆರೆದ, ಎಲ್ಲರ ಕಣ್ಣೆದುರಿಗೇ ಟಿಕ್ ಗುರುತನ್ನು ಮತ್ತೆ ಹಾಕಿದ, ಸೇವ್ ಒತ್ತಿದ. ಚೆನ್ನಾಗಿ ನಡೆಯುತ್ತಿದ್ದದ್ದನ್ನು ಬೇಕೆಂದೇ ಕೆಡಿಸುವುದು ಅವನ ಜೀವನದಲ್ಲಿ ಅದೇ ಮೊದಲು.

"ಎಲ್ಲರೂ ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಅಕ್ಕ, ನೀನು ಏನನ್ನೂ ಮುಟ್ಟಬೇಡ. ಕೈಕಟ್ಟಿ ನಿಂತ್ಕೋ."

ಅಕ್ಕ ಕೈಕಟ್ಟಿ ನಿಂತಳು. ಹೊಸಬಳ ಕಂಪ್ಯೂಟರಿಗೆ ನೆಟ್ ಬರಲಿಲ್ಲ. ಯಜಮಾನರ ಫೋನಿಗೂ ಬರಲಿಲ್ಲ. ಲೆಕ್ಕದವನಿಗೆ ಬಂತು, ಅವನು ಪರೀಕ್ಷೆಗೆಂದು ಇನ್ನೊಮ್ಮೆ ಆರಿಸಿ ಹಾಕಿದಾಗ ಹೋಯಿತು. ತಂತಿಯಣ್ಣ ಗುರುತು ತೆಗೆದು ಸೇವ್ ಒತ್ತಿದ, ಮತ್ತೆ ಆನ್ ಮಾಡಿಸಿದ. ಎಲ್ಲರಿಗೂ ಬಂತು. ಹೊಸಬಳು ತಾನಾಗಿಯೇ ಆ ಕುರ್ಚಿಯಿಂದ ಎದ್ದಳು. ಯಜಮಾನರು ಕೆಮ್ಮಿದರು. "ಅಕ್ಕ, ನೀವು... ನಿಮ್ಮ ಜಾಗಕ್ಕೆ ಬನ್ನಿ" ಎಂದರು. ಅವನ ಕಡೆ ಮಾತ್ರ ನೋಡಲಿಲ್ಲ. ಅಲ್ಲಿಗೆ ಆ ಆಫೀಸಿನ ಬಾಗಿಲು ಅವನ ಪಾಲಿಗೆ ಮುಚ್ಚಿತು, ಅದು ಅವನಿಗೂ ತಿಳಿಯಿತು.

ಅವನು ಮೆಟ್ಟಿಲು ಇಳಿಯುವಾಗ ಅಕ್ಕ ಹಿಂದೆಯೇ ಬಂದಳು. ನಡುವಿನ ಮೆಟ್ಟಿಲಲ್ಲಿ ಇಬ್ಬರೂ ನಿಂತರು.

"ನಿನಗೆ ಯಾವಾಗ ಗೊತ್ತಾಯ್ತು?"

ಇವತ್ತು ಎನ್ನಬಹುದಿತ್ತು. ಆಕೆ ನಂಬುತ್ತಿದ್ದಳು. ಹುಟ್ಟಿದಾಗಿನಿಂದ ಅವನ ಯಾವ ಮಾತನ್ನು ತಾನೇ ನಂಬಿರಲಿಲ್ಲ?

"ಹೋದ ವಾರ ಸರಿ ಮಾಡೋಕೆ ಬಂದಿದ್ನಲ್ಲ. ಆವತ್ತೇ."

ಅಕ್ಕ ಕಂಬಿ ಹಿಡಿದುಕೊಂಡಳು. "ಆವತ್ತು ನೀನು ಹೋದ ಮೇಲೆ ನಾನು ಒಬ್ಬೊಬ್ಬರ ಮೇಜಿನ ಹತ್ರಾನೂ ಹೋದೆ ಕಣೋ. ನನ್ನಿಂದ ನಿಮಗೆಲ್ಲ ತೊಂದರೆ ಆಯ್ತು, ಕ್ಷಮಿಸಿ ಅಂದೆ. ಆ ಹುಡುಗಿ ಹತ್ರಾನೂ ಅಂದೆ. ಅವಳು ಫೋನಿಂದ ತಲೆ ಎತ್ತದೇ 'ಪರವಾಗಿಲ್ಲ' ಅಂದ್ಳು."

ತಂತಿಯಣ್ಣ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿದ. "ನಾನೀಗ ಒಳಗೆ ಹೋಗಿ ಎಲ್ಲರ ಹತ್ರಾನೂ ಕ್ಷಮೆ ಕೇಳ್ತೀನಿ ಅಕ್ಕ. ಒಬ್ಬೊಬ್ಬರ ಹತ್ರಾನೂ."

"ಅವರ ಹತ್ರ ಯಾಕೆ?" ಎಂದಳು ಅಕ್ಕ. ಒಳಗೆ ಫೋನು ಬಡಿದುಕೊಳ್ಳುತ್ತಿದ್ದರೂ ಹೋಗದೆ, ಅವನ ಮುಖವನ್ನೇ ನೋಡುತ್ತ ಅಲ್ಲೇ ನಿಂತಿದ್ದಳು.