ಘಟ್ಟದ ಸಸಿ ಚಿವುಟುತ್ತಿದ್ದ ನೀಲವ್ವ

ದಸರಾದಲ್ಲಿ ನಮ್ಮ ಕಡೆ ಮನೆಮನೆಗೆ ಘಟ್ಟ ಹಾಕುತ್ತಾರೆ. ದೇವರ ಮುಂದೆ ಮಣ್ಣು ಹಾಸಿ, ಕಾಳು ಬಿತ್ತಿ, ನಡುವೆ ಕಲಶ ಇಡುತ್ತಾರೆ. ಬಂದವರು ಮೊದಲು ಕೈ ಮುಗಿಯುತ್ತಾರೆ. ಶಿಗ್ಗಾಂವಿಯ ನೀಲವ್ವ ಮಾತ್ರ ಮೊದಲು ಒಂದು ಸಸಿ ಚಿವುಟಿ ಬಾಯಿಗೆ ಹಾಕಿಕೊಂಡು ಅಗಿದು ರುಚಿ ನೋಡುತ್ತಿದ್ದಳು. ಆಮೇಲೆ ನಮಸ್ಕಾರ.

ತಿಳವಳ್ಳಿಯ ನಮ್ಮ ಮನೆಯಲ್ಲೂ ಹಾಗೇ ಮಾಡಿದಳು. ನಮ್ಮವ್ವ ಸಿಟ್ಟಿಗೆದ್ದಳು.

"ದೇವರ ಸಸಿ ತಿಂತಿ. ನಾಲಿಗಿ ಸೇದಿ ಹೋಗ್ತೈತಿ ನಿಂದು."

"ಹೋಗ್ಲಿ ಬಿಡ ಯವ್ವಾ. ಸಾವಿ ಬೆಳಿಯೋ ಮಂದಿ ನೀವು, ತಾಯಿ ಮುಂದ ಅಂಗಡಿ ಜ್ವಾಳ ಹಾಕೀರಿ. ಆಕಿಗೆ ತಿಳಿಯೂದಿಲ್ಲಂತ ಮಾಡಿರೇನು?"

ಹೈಬ್ರೀಡ್ ಬೀಜ ಹೊಸದಾಗಿ ಬಂದ ಕಾಲ ಅದು. ನೀಲವ್ವ ಗಂಟು ಹೊತ್ತು ಬಂಕಾಪುರ, ಸವಣೂರು, ಹಾನಗಲ್ಲು, ಹಿರೇಕೆರೂರು ಅಂತ ನಡೆಯುತ್ತಿದ್ದಳು. ನವಣಿ, ಸಾವಿ, ಬರಗ, ಈ ಮನಿ ಕಾಳು ಬಿಡಬ್ಯಾಡ್ರಿ ಅಂತ ಬಾವಿಕಟ್ಟೆಯ ಮೇಲೆ ಕೂತು ಹೆಂಗಸರಿಗೆ ಹೇಳುತ್ತಿದ್ದಳು. "ಪ್ಯಾಟಿ ಬೀಜ ಅಳಿಯಾ ಇದ್ದಂಗ, ವರ್ಷಾ ಕರೀಬೇಕು, ವರ್ಷಾ ಉಪಚಾರ ಮಾಡಬೇಕು. ಮನಿ ಬೀಜ ಮಗಾ ಇದ್ದಂಗ, ಬೈದ್ರೂ ಬಾಗಲಾ ಬಿಟ್ಟು ಹೋಗೂದಿಲ್ಲ."

ನಾನು ಸಣ್ಣವನಿದ್ದಾಗಲೇ ಸಾಲಿ ಬಿಟ್ಟು, ಹಮಾಲಿ ಮಾಡಿ, ಸ್ವಂತ ಹಿಟ್ಟಿನ ಗಿರಣಿ ಹಾಕಿದವನು. ಪುಕ್ಕಟೆ ದುಡಿಯುವವರನ್ನು ನಾನು ನಂಬುವುದಿಲ್ಲ. ಕೂಲಿ ಇಲ್ಲದೆ ಇಷ್ಟು ನಡೆಯುವವಳಿಗೆ ಎಲ್ಲೋ ಲಾಭ ಇರಲೇಬೇಕು. ನಮ್ಮ ಬೀಜ ಒಯ್ದು ಹುಬ್ಬಳ್ಳಿಯಲ್ಲಿ ಮಾರುತ್ತಾಳೆ ಅಂತಲೇ ನನ್ನ ಗುಮಾನಿ. ಒಂದು ದಿನ ಗಿರಣಿಗೆ ಬಂದಾಗ ಹತ್ತು ಮಂದಿಯ ಎದುರು ಗಂಟು ಬಿಚ್ಚಿಸಿದೆ. ಒಳಗೆ ಬಟ್ಟೆಯ ಸಣ್ಣ ಸಣ್ಣ ಗಂಟುಗಳು, ಒಂದೊಂದರಲ್ಲಿ ಒಂದೊಂದು ಬಗೆಯ ಕಾಳು.

"ಯಾರ್ಯಾರ ಮನೀವು ಇವು?"

"ಹೇಳೂದಿಲ್ಲ. ಗಂಡಸರು ಹೈಬ್ರೀಡ್ ತಂದು, ಮನಿ ಬೀಜ ಕುಟ್ಟಿ ಉಣ್ರಿ ಅಂದಾಗ ಹೆಣ್ಣಮಕ್ಕಳು ಮುಚ್ಚಿ ಕೊಟ್ಟಾವು. ಹೆಸರು ಹೇಳಿದ್ರ ಸಂಜೀಕ ಬಡಿಸ್ಕೋತಾವು."

"ಕಳ್ಳಮಾಲಂತ ಒಪ್ಕೊಂಡ್ಲಪಾ," ಅಂತ ಯಾರೋ ನಕ್ಕರು.

ನಾನು ನಗಲಿಲ್ಲ. ಒಂದು ಗಂಟು ಹಸಿರು ಇಲಕಲ್ ಸೀರೆಯ ಚಿಂದಿಯದು. ಆ ಸೀರೆ ನಮ್ಮವ್ವನದು. ಪ್ರತಿ ದಸರಾಕ್ಕೂ ನೀಲವ್ವನನ್ನು ಬೈದು ಕಳಿಸುತ್ತಿದ್ದ ನಮ್ಮವ್ವನದು. ಗಂಟು ನಾನೇ ಕಟ್ಟಿಕೊಟ್ಟು ಗಿರಣಿ ಚಾಲೂ ಮಾಡಿದೆ. ಮನೆಯಲ್ಲಿ ಸೀರೆ ಕೇಳಿದರೆ ಅವ್ವ, "ಇಲಿ ಹರದಾವು," ಅಂದಳು.

ಅವ್ವ ತೀರಿಕೊಂಡ ಮೇಲೆ ನಮ್ಮ ದಿಬ್ಬದ ಹೊಲಕ್ಕೆ ಸಾವಿಯೇ ಸೈ ಅನ್ನಿಸಿತು. ಅಷ್ಟೊತ್ತಿಗೆ ಊರಲ್ಲಿ ಯಾರ ಹತ್ತಿರವೂ ಬೀಜ ಇರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಶಿಗ್ಗಾಂವಿಗೆ ಹೋದೆ.

"ಯಾವ ಅಂಗಡಿಯವರು ಕಳಸ್ಯಾರ ನಿನ್ನ?" ಅಂದಳು ನೀಲವ್ವ.

"ನಮ್ಮವ್ವ ಕೊಟ್ಟ ಬೀಜ ಬೇ. ಹೊಳ್ಳಿ ಕೊಡು ಅನ್ನಾಕತ್ತೇನಿ."

"ನಿಮ್ಮವ್ವ ನನಗೇನೂ ಕೊಟ್ಟಿಲ್ಲಪಾ. ಭಾಳ ಬೈದಾಳ, ಅದನ್ನ ಬೇಕಾದ್ರ ಹೊಳ್ಳಿ ಒಯ್ಯಿ."

ಸತ್ತವಳ ಹೆಸರನ್ನೂ ಬಿಟ್ಟುಕೊಡಲಿಲ್ಲ. ನಾನು ಟಾವೆಲ್ ಒಡ್ಡಿದರೆ ನೋಡಲೂ ಇಲ್ಲ. "ಗಂಡಸರ ಕೈಗೆ ಬೀಜ ಕೊಟ್ರ ಅದು ಸಂತಿ ದಾರಿ ಹಿಡೀತೈತಿ," ಅಂದು ನನ್ನ ಹೆಂಡತಿಯನ್ನು ಒಳಗೆ ಕರೆದು, ಕುಂಕುಮ ಹಚ್ಚಿ, ಮಗಳಿಗೆ ತುಂಬಿದಂತೆ ಸಾವಿಯಿಂದ ಉಡಿ ತುಂಬಿದಳು. ಇಬ್ಬರೂ ಬಹಳ ಹೊತ್ತು ಪಿಸುಗುಟ್ಟಿದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ.

ನೀಲವ್ವ ತೀರಿಕೊಂಡ ಸುದ್ದಿ ಬಂದಾಗ ಮತ್ತೆ ಹೋದೆವು. ಮಣ್ಣು ಮುಗಿದಿತ್ತು. ಅಡುಗೆಮನೆಯ ಗಡಿಗೆಗಳಲ್ಲಿ ಕೈಯಾಡಿಸಿದೆ. ಎಲ್ಲವೂ ಬರಿದು, ಬೀಜಕ್ಕೆ ಬೆರೆಸಿದ್ದ ಬೂದಿ ಸುದ್ದಾ ಯಾರೋ ಒರೆಸಿ ಇಟ್ಟಿದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದೆ: "ಅಷ್ಟು ಬೀಜ ಎಲ್ಲಿ ಹೋತು?"

"ನನಗೇನ ಗೊತ್ರೀ," ಅಂದು ಸೆರಗು ಬಿಗಿ ಮಾಡಿಕೊಂಡಳು.

ಮುಂದಿನ ಸೀಟಿನಲ್ಲಿದ್ದ, ನಾನು ಎಂದೂ ಕಂಡಿರದ ಒಬ್ಬ ಹೆಣ್ಣುಮಗಳು ತಿರುಗಿ ನನ್ನ ಹೆಂಡತಿಯ ಮುಖ ನೋಡಿದಳು, ಮತ್ತೆ ಮುಂದಕ್ಕೆ ತಿರುಗಿ ಕೂತಳು.