ತೊಳೆದ ಮಾಂಸ

ಹದ್ದು ಹಾರಿಸಿ ನರಿ ಹಿಡಿಯುವುದರಲ್ಲಿ ಕಣಿವೆಗೇ ಹೆಸರಾದ ದಲೇಲ್‌ಖಾನ್, ಹತ್ತು ವರ್ಷ ದುಡಿದ ಹದ್ದನ್ನು ಪದ್ಧತಿಯಂತೆ ಬೆಟ್ಟಕ್ಕೆ ಬಿಟ್ಟ ದಿನ ಬೇಟೆಯ ಆಸೆಯನ್ನೂ ಅಲ್ಲೇ ಬಿಟ್ಟುಬಂದರು. ಆಮೇಲೆ ಏಳು ಚಳಿಗಾಲ ಒಲೆಗೆ ಅಂಟಿಕೊಂಡು, ಊರವರ ಹದ್ದುಗಳನ್ನೆಲ್ಲ “ಕೋಳಿಗಳು” ಎಂದು ಹಳಿಯುತ್ತ, ಆ ಕಡೆಯ ಉಪ್ಪಿನ ಚಹಾಕ್ಕೆ ಉಪ್ಪು ಸಾಲದೆಂದು ಸೊಸೆ ಮಾರ್ಜಾನಳ ಮೇಲೆ ರೇಗುತ್ತ ಸವೆದರು. ಹೀಗೇ ಆದರೆ ಮಾವ ಉಳಿಯುವುದಿಲ್ಲವೆಂದು ಅವಳಿಗೆ ದಿಗಿಲು. ಈ ವರ್ಷ ಅವರು ಎಳೆಯ ಹೆಣ್ಣು ಹದ್ದೊಂದನ್ನು ತಂದಾಗಲೂ “ಬೇಟೆಗಲ್ಲಮ್ಮ, ಮಾತಾಡೋಕೆ ಒಂದು ಜೀವ ಬೇಕಲ್ಲ” ಎಂದರು. ಮೊದಲ ಹಿಮ ಬಿದ್ದ ಬೆಳಿಗ್ಗೆ ನೋಡಿದರೆ, ಮಗುವಿನ ಬಟ್ಟೆ ಒಗೆಯುವ ಬೋಗುಣಿಯಲ್ಲಿ ಮಾವ ಮಾಂಸವನ್ನು ರಕ್ತ ಹೋಗಿ ಬೆಳ್ಳಗಾಗುವ ತನಕ ತೊಳೆಯುತ್ತಿದ್ದಾರೆ. ಹದ್ದು ಹಸಿದು ಬೇಟೆಗೆ ಹಾತೊರೆಯಲೆಂದು ಕೊಡುವ ಸತ್ವವಿಲ್ಲದ ಊಟವದು. ಬೋಗುಣಿಗಾಗಿ ಜಗಳ ತೆಗೆಯಬೇಕಾದ ಮಾರ್ಜಾನ್ ನಕ್ಕುಬಿಟ್ಟಳು. “ಏನ್ ಮಾವ, ಅವಳಿಗೆ ಹಸಿವು ಬಂತಾ?” ಮುದುಕರು ತಲೆ ಎತ್ತಲಿಲ್ಲ. “ಅವಳಿಗಿನ್ನೂ ಇಲ್ಲ. ನನಗೆ ಬಂತು ಕಣಮ್ಮ.”